ಮನೆಮಂದಿ ಎರಡು ಬಂದ ವರ್ಷ

ನಮ್ಮೂರು ಎಲ್ಲಿದೆ ಅಂತ ಕೇಳಬೇಡಿ. ಬಸ್ಸು ಹತ್ತಿ ಕೂತರೆ ಕಂಡಕ್ಟರೇ ಇಳಿಸುತ್ತಾನೆ, ಯಾಕೆಂದರೆ ಅಲ್ಲಿಂದ ಮುಂದಕ್ಕೆ ರಸ್ತೆಯಿಲ್ಲ. ಇಳಿದ ಕೂಡಲೇ ಯಾರಾದರೂ ನಿಮ್ಮನ್ನು ನೋಡಿ "ತೂಬಿಲಾ" ಅಂದರೆ ಗಾಬರಿಯಾಗಬೇಡಿ. ಬನ್ನಿ, ಕೂತ್ಕೊಳ್ಳಿ, ಬಿಸಿಲಲ್ಲಿ ಬಂದಿದ್ದೀರಿ, ಏನು ಕುಡೀತೀರಿ ಅಂತ ಅದರ ಅರ್ಥ. ಮನೆಮಂದಿ ಆಟದ ಒಳಗಿನವರು ಆಡುವ ಮಾತು ಅದು. ಅವರಿಂದ ನಾವೂ ಕಲಿತೆವು.

ಆಟ ಅಂದರೆ ಇಷ್ಟೇ. ಟೀವಿಗೊಂದು ಡಬ್ಬಿ ಸಿಕ್ಕಿಸಿ, ಒಳಗೊಂದು ಮನೆ ಕಟ್ಟಿ, ಆ ಮನೆಗೆ ಜನರನ್ನು ಮಾಡಿ ಬಿಡುವುದು. ಆಮೇಲೆ ಅವರ ಪಾಡಿಗೆ ಅವರು ಏಳುತ್ತಾರೆ, ಹಲ್ಲುಜ್ಜುತ್ತಾರೆ, ಒಗ್ಗರಣೆ ಸೀಯಿಸುತ್ತಾರೆ, ಬೇಲಿ ಹತ್ತಿರ ನಿಂತು ಪಕ್ಕದ ಮನೆಯವರ ಜೊತೆ ಹರಟುತ್ತಾರೆ. ಅದರಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಬೇರೆ ಊರುಗಳಲ್ಲಿ ಆ ಹರಟೆಯೆಲ್ಲ ಬರೀ ಲೊಚಲೊಚ ಅಂತ ಕೇಳಿಸುತ್ತದಂತೆ. ನಮ್ಮೂರಿನಲ್ಲಿ ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ. ಯಾಕೆ ಅಂತ ನಾವು ತಲೆ ಕೆಡಿಸಿಕೊಂಡವರಲ್ಲ. ಅದಕ್ಕೆ ಒಳಮಾತು ಅಂತ ಹೆಸರಿಟ್ಟು, ನಮ್ಮ ಬದುಕಿಗೂ ಬಳಸಿಕೊಂಡೆವು. ತರಕಾರಿ ಚೌಕಾಸಿ ಒಳಮಾತಿನಲ್ಲೇ ನಡೆಯುತ್ತಿತ್ತು. ತಪ್ಪಾಯಿತು ಅನ್ನುವುದು, ಹೆಣ್ಣು ಕೇಳುವುದು, ಸಾವಿನ ಸುದ್ದಿ ಮುಟ್ಟಿಸುವುದು, ಇವನ್ನಂತೂ ನಮ್ಮೂರಿನಲ್ಲಿ ಯಾರೂ ಕನ್ನಡದಲ್ಲಿ ಮಾಡುತ್ತಿರಲಿಲ್ಲ. ಕನ್ನಡದಲ್ಲಿ ಗಂಟಲಲ್ಲೇ ಸಿಕ್ಕಿಕೊಳ್ಳುವ ಮಾತು ಅದರಲ್ಲಿ ಸಲೀಸಾಗಿ ಬಂದುಬಿಡುತ್ತಿತ್ತು.

ಅಂಥ ಊರಿಗೆ ಒಂದು ದಿನ ಸುದ್ದಿ ಬಂತು, ಮನೆಮಂದಿ ಎರಡು ಬರುತ್ತದೆ ಅಂತ. ಅಯ್ಯೋ, ಆ ಸಂಭ್ರಮ ನೀವು ನೋಡಬೇಕಿತ್ತು. ಅಜ್ಜಿಗೆ ಅರಿವೆ ಚಿಂತೆಯಾದರೆ ಮೊಮ್ಮಗಳಿಗೆ ಕಜ್ಜಾಯದ ಚಿಂತೆ ಅಂತಾರಲ್ಲ, ಹಾಗೆ ಒಬ್ಬೊಬ್ಬರಿಗೆ ಒಂದೊಂದು ಆಸೆ. ಮೊದಲನೆಯ ಆಟದಲ್ಲಿ ಮಳೆ ಇರಲಿಲ್ಲ, ನಾಯಿ ಇರಲಿಲ್ಲ, ಮನೆಗೆ ಮಹಡಿ ಇರಲಿಲ್ಲ. ಹುಡುಗರಿಗೆ ನಾಯಿ ಬೇಕಿತ್ತು. ಟೈಲರ್ ಅಂಗಡಿಯ ಹೆಂಗಸರಿಗೆ ಒಳಗಿನವರು ದಿನಾ ಉಡುವ ಅದೇ ಸೀರೆ ನೋಡಿ ಸಾಕಾಗಿತ್ತು. ಇನ್ನು ಕೆಲವರು ಇದ್ದದ್ದೇ ಚೆನ್ನಾಗಿದೆ, ಇದನ್ನು ಯಾಕೆ ಕೆದಕುತ್ತಾರೆ ಅಂತ ಗೊಣಗಿದರು. ನಾನು ಯಾವ ಗುಂಪಿಗೂ ಸೇರದೆ ನಗುತ್ತ ಇದ್ದೆ. ಆಮೇಲೆ ಬಂತು ಇನ್ನೊಂದು ಸುದ್ದಿ. ಹೊಸ ಆಟದಲ್ಲಿ ಒಳಗಿನವರು ಅಪ್ಪಟ ಕನ್ನಡ ಮಾತಾಡುತ್ತಾರಂತೆ. ಅದು ಬಂದ ದಿನವೇ ಹಳೆಯದು ನಿಂತುಹೋಗುತ್ತದಂತೆ. ಊರಿನ ಅರ್ಧ ಜನ ಚಪ್ಪಾಳೆ ತಟ್ಟಿದರು. ನಾನು ನಗು ನಿಲ್ಲಿಸಿ ಮನೆ ಕಡೆ ನಡೆದೆ.

ಯಾಕೆ ಅಂತ ಹೇಳಬೇಕಾದರೆ ನಮ್ಮ ಮನೆಯವರ ಕಥೆ ಹೇಳಬೇಕು. ಇವರ ಹೆಸರು ಪಂಚಾಕ್ಷರಿ. ಬಸ್‌ಸ್ಟ್ಯಾಂಡಿನ ಹಿಂದೆ ಸ್ಟವ್, ಕುಕ್ಕರ್ ರಿಪೇರಿ ಅಂಗಡಿ ಇಟ್ಟಿದ್ದವರು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ, ಇವರು ಮಾತೇ ಆಡದೆ ಜಗಳ ತಪ್ಪಿಸಿಕೊಂಡ ಮಹಾನುಭಾವರು. ಮದುವೆಯಾದ ಹೊಸದರಲ್ಲಿ, ನನಗೆ ಮೂಗನನ್ನು ಕಟ್ಟಿದ್ದೀರಿ ಅಂತ ಅಮ್ಮನ ಮುಂದೆ ಅತ್ತಿದ್ದೆ. ನಾನು ದಾಕ್ಷಾಯಣಿ, ನನ್ನ ಬಾಯಿ ಎಂಥದು ಅಂತ ಊರಿಗೇ ಗೊತ್ತು. ಇಬ್ಬರ ಪಾಲಿನ ಮಾತನ್ನೂ ನಾನೊಬ್ಬಳೇ ಆಡಿಕೊಂಡು ಸಂಸಾರ ಮಾಡಿದೆ. ಮಕ್ಕಳಾಗಲಿಲ್ಲ. ಮನೆಯಲ್ಲಿ ಬೇರೆ ದನಿಯೇ ಇರಲಿಲ್ಲ.

ಒಂದು ಬೆಳಿಗ್ಗೆ ಇವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಯಿತು, ಇದ್ದ ನಾಲ್ಕು ಮಾತೂ ಹೋಯಿತು. ದೊಡ್ಡ ಆಸ್ಪತ್ರೆಯಲ್ಲಿ ಬಾಳೆಹಣ್ಣಿನ ಚಿತ್ರ ತೋರಿಸಿ ಇದೇನು ಹೇಳಿ ಅಂದರು. ನಾವು ಆಡಿದ್ದೆಲ್ಲ ಇವರಿಗೆ ತಿಳಿಯುತ್ತಿತ್ತು, ಆದರೆ ಬಾಯಿಗೆ ಒಂದು ಅಕ್ಷರ ಬರುತ್ತಿರಲಿಲ್ಲ. ಹಣ್ಣಿನ ಹೆಸರು ಹುಡುಕುತ್ತ ಕಣ್ಣಲ್ಲಿ ನೀರು ತುಂಬಿಕೊಂಡು ಕೂರುತ್ತಿದ್ದರು. ಇನ್ನು ಇಷ್ಟೇ ಅಂದು ಮನೆಗೆ ಕಳಿಸಿದರು.

ಮನೆಗೆ ಬಂದ ಮೇಲೆ ಹೊತ್ತು ಹೋಗಲಿ ಅಂತ ಒಂದು ಸಂಜೆ ಆಟ ಹಚ್ಚಿದೆ. ನಮ್ಮ ಡಬ್ಬಿಯಲ್ಲಿ ಚೆಲುವಿ ಅಂತ ಒಬ್ಬಳಿದ್ದಳು, ಇವರೇ ಮಾಡಿದವಳು. ಅವಳು ಎಂದಿನ ಹಾಗೆ ಸೊಂಟದ ಮೇಲೆ ಕೈಯಿಟ್ಟು ಬೇಲಿ ಹತ್ತಿರ ಬಂದು, ಏನಪ್ಪಾ ಇಷ್ಟು ದಿನ ಪತ್ತೆಯೇ ಇಲ್ಲ ಅಂದಳು. ಒಳಮಾತಿನಲ್ಲಿ. ನನ್ನ ಹಿಂದಿನಿಂದ ಉತ್ತರ ಬಂತು. ಹುಷಾರಿರಲಿಲ್ಲ ಮಾರಾಯ್ತಿ, ಸತ್ತು ಬದುಕಿ ಬಂದೆ ಅಂತ. ಅದೂ ಒಳಮಾತಿನಲ್ಲೇ. ತಿರುಗಿ ನೋಡಿದರೆ ಇವರು. ಕೈಯಲ್ಲಿದ್ದ ತಟ್ಟೆ ಬಿಟ್ಟೆ.

ಅವತ್ತು ಶುರುವಾದ ಮಾತು ನಿಲ್ಲಲೇ ಇಲ್ಲ. ಕನ್ನಡ ಒಂದು ಚೂರೂ ವಾಪಸು ಬರಲಿಲ್ಲ, ಒಳಮಾತು ಮಾತ್ರ ನಲ್ಲಿ ತಿರುಗಿಸಿದ ಹಾಗೆ. ಅಷ್ಟು ವರ್ಷ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದರೋ! ಚಿಕ್ಕಂದಿನಲ್ಲಿ ಉಣ್ಣುವಾಗ ಮಾತಾಡಿದರೆ ಇವರಪ್ಪ ಬೆನ್ನಿಗೆ ಬಾರಿಸುತ್ತಿದ್ದರಂತೆ, ಆಗಿನಿಂದ ಬಾಯಿ ಮುಚ್ಚಿದ್ದಂತೆ. ಯಾರ ಮನೆಯ ಕುಕ್ಕರ್ ಹೇಗೆ ಕೂಗುತ್ತದೆ ಅನ್ನುವುದರ ಮೇಲೆ ಆ ಮನೆಯ ಗಂಡ ಹೆಂಡಿರ ಕಥೆ ಹೇಳುತ್ತಿದ್ದರು, ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಯಾವುದೋ ಮದುವೆಯಲ್ಲಿ ನಾನು ಬಡಿಸುವವನನ್ನು ಜಾಡಿಸುತ್ತಿದ್ದೆನಂತೆ, ಪಂಕ್ತಿಯಲ್ಲಿ ಕೂತಿದ್ದ ಇವರು ಅವತ್ತೇ ತೀರ್ಮಾನ ಮಾಡಿದ್ದಂತೆ, ಕಟ್ಟಿಕೊಂಡರೆ ಇವಳನ್ನೇ ಅಂತ. ಇದನ್ನು ಕೇಳುವ ಹೊತ್ತಿಗೆ ನನ್ನ ಕೂದಲೆಲ್ಲ ನೆರೆತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ವಯಸ್ಸಿನಲ್ಲಿ ನನಗೆ ಗಂಡನ ಮೇಲೆ ಪ್ರೀತಿ ಹುಟ್ಟಿತು.

ಊರಿನವರಿಗೂ ಇವರ ಮಾತು ಸಲೀಸಾಗಿ ತಿಳಿಯುತ್ತಿತ್ತು. ಮಿರ್ಚಿ ಅಂಗಡಿಯವನು ಇವರು ಕೇಳಿದ್ದು ಕಟ್ಟಿಕೊಡುತ್ತಿದ್ದ, ದಾರಿಯಲ್ಲಿ ಹೋಗುವ ಮಕ್ಕಳು ನಿಂತು ಉತ್ತರ ಕೊಡುತ್ತಿದ್ದರು. ಈಗ ಹಳೆಯ ಆಟ ನಿಂತುಹೋದರೆ? ಮುಂದೆ ಬೆಳೆಯುವ ಮಕ್ಕಳು ಒಳಮಾತು ಎಲ್ಲಿ ಕಲಿಯುತ್ತಾರೆ? ನಾನು ಇರುವ ತನಕ ಪರವಾಗಿಲ್ಲ. ನಾನು ಮೊದಲು ಹೋದರೆ ಇವರು ಯಾರ ಹತ್ತಿರ ಮಾತಾಡಬೇಕು? ನನಗೆ ಬೇರೆ ಏನೂ ಚಿಂತೆ ಇರಲಿಲ್ಲ. ಇದೊಂದೇ.

ಆಟ ಮಾಡುವ ಕಂಪನಿಯವರು ಊರಿನ ಮನೆಮಂದಿ ಬಳಗಕ್ಕೆ ನಿಮ್ಮ ಅಭಿಪ್ರಾಯ ತಿಳಿಸಿ ಅಂದಿದ್ದರು. ಬಳಗದ ಅಧ್ಯಕ್ಷ ಸೈಕಲ್ ಅಂಗಡಿಯ ದಸ್ತಗೀರ್. ಅವನ ಅಂಗಡಿಯ ಮುಂದೆಯೇ ಸಭೆ ಸೇರಿತು. ಇವರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ನಾಯಿಯಾದರೂ ಬರಲಿ, ಆನೆಯಾದರೂ ಬರಲಿ, ಮಾತಿನ ತಂಟೆಗೆ ಮಾತ್ರ ಬರಬೇಡಿ ಅಂತ ಬರೆದು ಕಳಿಸಿ ಅಂದೆ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲ್ಲರೂ ಇವರ ಕಡೆ ನೋಡಿ ತಲೆ ತಗ್ಗಿಸಿದರು.

ದಸ್ತಗೀರ್ ಮಾತ್ರ ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತಿದ್ದ. ಅವನ ಸೊಸೆ ನಸ್ರೀನ್ ಹೊರಗಿನ ಊರಿನವಳು. ಮದುವೆಯಾಗಿ ಬಂದು ವರ್ಷಗಳಾದರೂ ಅವಳ ಕಿವಿಗೆ ಒಳಮಾತು ಹತ್ತಿರಲಿಲ್ಲ. ಊರೆಲ್ಲ ನಗುವಾಗ ಯಾಕೆ ನಗುತ್ತಿದ್ದಾರೆ ಅಂತ ಗೊತ್ತಾಗದೆ ಪಾಪದ ಹುಡುಗಿ ತಾನೂ ಸುಮ್ಮನೆ ನಗುತ್ತಿದ್ದಳು.

"ದಾಕ್ಷಕ್ಕ, ನಿಮ್ ಮನೇಲಿ ಒಬ್ರಿಗೆ ಅದೊಂದೇ ಮಾತು ಬರೋದು. ನಮ್ ಮನೇಲಿ ಒಬ್ಳಿಗೆ ಅದೊಂದು ಮಾತ್ರ ಬರಲ್ಲ. ನಾನೇನ್ ಮಾಡ್ಲಿ ಹೇಳಿ," ಅಂದ.

ಅವನ ಮಾತಿನಲ್ಲಿ ಸುಳ್ಳೇನಿತ್ತು? ಆಗ ನಮ್ಮ ಮನೆಯವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಎಲ್ಲರೂ ಇವರ ಕಡೆ ತಿರುಗಿದರು. ಇವರು ಒಳಮಾತಿನಲ್ಲಿ ಘನಗಂಭೀರವಾಗಿ ಹೇಳಿದ್ದಿಷ್ಟು. ಬರಲಿ ಬಿಡ್ರಪ್ಪ, ಹೊಸದರಲ್ಲಿ ಮಹಡಿ ಇರುತ್ತದಂತೆ, ನನಗೆ ಮನೆ ಮೇಲೊಂದು ಮಹಡಿ ಕಟ್ಟಬೇಕು ಅಂತ ಮೊದಲಿನಿಂದ ಆಸೆ.

ಸಭೆಯೆಲ್ಲ ಗೊಳ್ಳೆಂದಿತು. ನನಗೆ ಮೈಯೆಲ್ಲ ಉರಿಯಿತು. ಇವರಿಗೋಸ್ಕರ ನಾನು ಊರನ್ನೇ ಎದುರು ಹಾಕಿಕೊಂಡರೆ ಇವರಿಗೆ ಮಹಡಿ ಬೇಕಂತೆ, ಮಹಡಿ! ವಾಪಸು ಬರುವಾಗ ದಾರಿಯುದ್ದಕ್ಕೂ ಬೈದೆ, ಕುರ್ಚಿಯನ್ನು ಬೇಕೆಂದೇ ಕಲ್ಲಿನ ಮೇಲೆ ಹತ್ತಿಸಿದೆ. ಇವರು ನಗುತ್ತಿದ್ದರು. ಮಾತು ಮರೆತುಹೋಗುತ್ತದೆ ಅಂತ ಯಾಕೆ ಹೆದರುತ್ತೀ, ನೀನು ಮರೆಯುತ್ತೀಯಾ ಅಂತ ಕೇಳಿದರು. ನಾನು ಸತ್ತರೆ ಅನ್ನಲು ಬಾಯಿ ಬರಲಿಲ್ಲ. ಕುರ್ಚಿಯನ್ನು ಇನ್ನೂ ಜೋರಾಗಿ ತಳ್ಳಿದೆ.

ಕೊನೆಗೆ ಬಳಗದವರು ನಾಯಿ, ಮಳೆ, ಮಹಡಿ, ಸೀರೆ ಎಲ್ಲವನ್ನೂ ಬೇಡಿಕೊಂಡು, ಮಾತಿನ ವಿಷಯ ನಿಮಗೆ ಬಿಟ್ಟಿದ್ದು ಅಂತ ಬರೆದು ಕೈ ತೊಳೆದುಕೊಂಡರು. ಹಳೆಯ ಆಟದ ಕೊನೆಯ ದಿನ ಊರಿನಲ್ಲಿ ಯಾರೂ ಅಂಗಡಿ ತೆರೆಯಲಿಲ್ಲ. ಮಧ್ಯಾಹ್ನದವರೆಗೂ ಎಲ್ಲರ ಮನೆಯಿಂದ ಒಳಮಾತು ಕೇಳುತ್ತಿತ್ತು. ಚೆಲುವಿ ಎಂದಿನ ಹಾಗೆ ಹೂವಿಗೆ ನೀರು ಹಾಕಿ, ನಾಳೆ ಸಿಗೋಣ ಅಂದಳು. ಇವರೂ ಹೂಂ ಅಂದರು.

ಮಾರನೆಯ ದಿನ ಮನೆಮಂದಿ ಎರಡು ಬಂತು. ಸುಳ್ಳು ಯಾಕೆ ಹೇಳಲಿ, ಕಣ್ಣಿಗೆ ಹಬ್ಬ. ಮಳೆ ಬಂದರೆ ಒಳಗಿನವರ ತಲೆ ನೆನೆಯುತ್ತಿತ್ತು, ನಾಯಿ ಬಾಲ ಅಲ್ಲಾಡಿಸುತ್ತಿತ್ತು, ಮೆಟ್ಟಿಲು ಹತ್ತಿ ಹೋದರೆ ಇವರ ಮಹಡಿ. ಚೆಲುವಿಯ ಮುಖ ಇನ್ನೂ ಲಕ್ಷಣವಾಗಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು ಬೇಲಿ ಹತ್ತಿರ ಬಂದಳು. ಇವರು ಕೂತಲ್ಲಿಂದ ಮುಂದಕ್ಕೆ ಬಗ್ಗಿದರು.

"ನನಗೆ ಹಸಿವಾಗಿದೆ," ಅಂದಳು. "ಇಂದು ಹವಾಮಾನ ಚೆನ್ನಾಗಿದೆ."

ಅಷ್ಟೇ. ಆಮೇಲೆ ನಾಯಿಯ ಹತ್ತಿರ ಹೋಗಿ, ನಾಯಿ ಮುದ್ದಾಗಿದೆ ಅಂದಳು. ಮತ್ತೆ ಬೇಲಿಗೆ ಬಂದು ಹಸಿವಾಗಿದೆ ಅಂದಳು. ಕಾದೆವು, ಕಾದೆವು. ಶಾಲೆಯ ಪುಸ್ತಕದಲ್ಲಿರುವಂಥ ಆ ಒಂದು ಹಿಡಿ ವಾಕ್ಯ ಬಿಟ್ಟರೆ ಅವಳ ಬಾಯಲ್ಲಿ ಬೇರೆ ಏನೂ ಇರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು.

ಎಲ್ಲರ ಮನೆಯಲ್ಲೂ ಅದೇ ಕಥೆ. ದಸ್ತಗೀರ್ ತೀರಿಹೋದ ತನ್ನ ತಾಯಿಯ ಹಾಗೆಯೇ ಒಬ್ಬಳನ್ನು ಒಳಗೆ ಮಾಡಿಟ್ಟುಕೊಂಡಿದ್ದ. ಅಂಗಡಿ ಮುಚ್ಚಿ ಬಂದು ದಿನಾ ಅವಳ ಮಾತು ಕೇಳಿಯೇ ಊಟಕ್ಕೆ ಕೂರುತ್ತಿದ್ದ. ಈಗ ಅವಳು ಅದೇ ಕೈಸನ್ನೆ, ಅದೇ ತಲೆ ಓರೆ ಮಾಡುವ ರೀತಿ, ಎಲ್ಲ ಮಾಡಿ, ನಾನು ಸ್ನಾನ ಮಾಡಬೇಕು ಅನ್ನುತ್ತಿದ್ದಳಂತೆ. ಅವನು ನಮ್ಮ ಮನೆ ಜಗಲಿಗೆ ಬಂದು ಕೂತು, ಹಾಗಾದರೆ ಅಷ್ಟು ವರ್ಷ ಅಮ್ಮ ಹೇಳಿದ್ದು ಇಷ್ಟೇನಾ ಅಂತ ಕೇಳಿದ. ಮಿಕ್ಕಿದ್ದೆಲ್ಲ ನಾವೇ ಕಟ್ಟಿಕೊಂಡಿದ್ದಾ ಅಂತ. ನಾನು ಕಾಫಿ ತರುವ ನೆಪ ಮಾಡಿ ಒಳಗೆ ಹೋದೆ.

ಆ ಪ್ರಶ್ನೆ ಊರನ್ನೆಲ್ಲ ಹಿಡಿದುಕೊಂಡಿತು. ಹುಡುಗರು ನಾಯಿಯ ಜೊತೆ ಖುಷಿಯಾಗಿದ್ದರು, ದೊಡ್ಡವರಿಗೆ ಮಾತ್ರ ಮುಖ ಎತ್ತಿ ನಡೆಯಲು ನಾಚಿಕೆ. ಹಸಿವಾಗಿದೆ, ನಿದ್ದೆ ಬಂದಿದೆ ಅನ್ನುವ ಲೊಚಲೊಚವನ್ನು ಹಿಡಿದುಕೊಂಡು ನಾವು ಹೆಣ್ಣು ಕೇಳಿದೆವಾ, ಜಗಳ ಬಿಡಿಸಿದೆವಾ, ಸತ್ತವರಿಗೆ ಅತ್ತೆವಾ? ತರಕಾರಿಯವಳು ಕನ್ನಡದಲ್ಲೇ ಬೆಲೆ ಹೇಳತೊಡಗಿದಳು. "ತೂಬಿಲಾ" ಅನ್ನಲು ಬಾಯಿ ತೆರೆದವರು ಅರ್ಧಕ್ಕೇ ನುಂಗಿಕೊಂಡು ನಮಸ್ಕಾರ ಅಂದರು.

ನನ್ನ ಮನೆಯಲ್ಲಿ ಒಬ್ಬರು ಮಾತ್ರ ಮೊದಲಿನ ಹಾಗೆಯೇ ಮಾತಾಡುತ್ತಿದ್ದರು. ನಾನು ಕೇಳುತ್ತಿದ್ದೆ, ನನಗೆ ಅರ್ಥವೂ ಆಗುತ್ತಿತ್ತು, ಆದರೆ ಈಗ ಅರ್ಥವಾದ ಪ್ರತಿ ಮಾತಿಗೂ ಹೆದರಿಕೆ. ಇದು ನಿಜವಾಗಿ ಇವರು ಹೇಳಿದ್ದೋ, ಮಾತಿಗೆ ಹಸಿದಿದ್ದ ನಾನು ಕೇಳಿಸಿಕೊಂಡಿದ್ದೋ? ಪಂಕ್ತಿಯಲ್ಲಿ ಕೂತು ನನ್ನನ್ನು ನೋಡಿದ್ದು ಇವರೋ, ಹಾಗೆ ಯಾರಾದರೂ ನೋಡಿರಲಿ ಅಂತ ಆಸೆಪಟ್ಟ ನಾನೋ? ನೇರವಾಗಿ ಕೇಳಬಹುದಿತ್ತಲ್ಲ ಅನ್ನುತ್ತೀರಿ. ಕೇಳದೆ ಇರುತ್ತೇನೆಯೇ? ನೀವು ಇಂಥದ್ದು ಹೇಳಿದಿರಲ್ಲ, ಹೌದಾ ಅಂದರೆ ತಲೆ ಆಡಿಸಿದರು. ಆದರೆ ಇವರು ನಾನು ಏನು ಕೇಳಿದರೂ ಹೌದು ಅಂತ ತಲೆ ಆಡಿಸಿಕೊಂಡೇ ಬದುಕಿದವರು. ಈ ಸೀರೆ ಚೆನ್ನಾಗಿದೆಯಾ ಅಂದರೂ ಹೌದು, ಚೆನ್ನಾಗಿಲ್ಲ ಅಲ್ಲವಾ ಅಂದರೂ ಹೌದು. ಅಂಥವರ ತಲೆಯನ್ನು ನಂಬಿ ಏನು ಮಾಡಲಿ? ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇವರು ಸತ್ತು ಬದುಕಿದಾಗಲೂ ಅಷ್ಟು ಅತ್ತಿರಲಿಲ್ಲ. ಆಮೇಲಾಮೇಲೆ ನಾನೂ ಉತ್ತರ ಕೊಡುವುದು ಕಮ್ಮಿ ಮಾಡಿದೆ. ಇವರು ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ.

ಹಾಗಿರುವಾಗ ಒಂದು ಮಧ್ಯಾಹ್ನ ನಾವು ಊಟಕ್ಕೆ ಕೂತ ಹೊತ್ತಿಗೆ ದಸ್ತಗೀರನ ಸೊಸೆ ನಸ್ರೀನ್ ಬಂದಳು. ಮಾವ ಸರಿಯಾಗಿ ಉಣ್ಣುತ್ತಿಲ್ಲ, ನೀವೊಂದು ಮಾತು ಹೇಳಬೇಕು ಅನ್ನಲು ಬಂದವಳು. ಗೋಡೆಗೊರಗಿ ಕೂತಳು. ಹೊಸ ಆಟ ಬಂದು ನಿನಗಾದರೂ ಒಳ್ಳೆಯದಾಯಿತಲ್ಲವಾ, ಈಗ ಎಲ್ಲ ತಿಳಿಯುತ್ತದಲ್ಲ ಅಂದೆ. ಮನಸ್ಸಿನ ಕಹಿ ನಾಲಿಗೆಗೆ ಬಂದಿತ್ತು. ಅವಳು ಬೇಸರ ಮಾಡಿಕೊಳ್ಳಲಿಲ್ಲ.

"ಅದ್ರಲ್ಲಿ ತಿಳಿಯೋಕೆ ಏನಿದೆ ಅಕ್ಕ? ಊಟ ಆಯ್ತಾ, ನಿದ್ದೆ ಬಂತಾ, ಬಿಸಿಲು ಜಾಸ್ತಿ. ಮದ್ವೆಯಾಗಿ ಬಂದಾಗಿಂದ ಈ ಊರು ನನ್ ಹತ್ರ ಕನ್ನಡದಲ್ಲಿ ಆಡಿರೋದೇ ಅಷ್ಟು. ಒಳಗಿನೋರೂ ಅಷ್ಟೇ ಆಡ್ತಾರೆ ಈಗ."

ನನಗೆ ಛಡಿ ಏಟು ಬಿದ್ದ ಹಾಗಾಯಿತು. ಹೌದಲ್ಲ, ಒಳ್ಳೆಯ ಮಾತನ್ನೆಲ್ಲ ಒಳಮಾತಿಗೆ ಇಟ್ಟುಕೊಂಡು, ಈ ಮಗುವಿಗೆ ನಾವು ತೌಡು ಹಾಕಿದ್ದೆವು. ಅನ್ನ ಕಲಸುತ್ತ ಕೂತೆ. ಅಷ್ಟರಲ್ಲಿ ಇವರು ನಸ್ರೀನಳ ಕಡೆ ತಿರುಗಿ ಏನೋ ಹೇಳಿದರು. ಉದ್ದದ ಮಾತು. ಎಡಗೈಯಿಂದ ನನ್ನ ತಟ್ಟೆ ತೋರಿಸಿದರು.

"ಏನಂದ್ರು?" ಅಂತ ನಸ್ರೀನ್ ಕೇಳಿದಳು.

ನನಗೆ ಕೇಳಿಸಿದ್ದನ್ನು ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ. ಊಟ ಮಾಡಿಕೊಂಡು ಹೋಗು ಅಂದರು ಅಂದೆ.

ಇವರು ತಲೆ ಅಡ್ಡ ಆಡಿಸಿದರು.

ನಾನು ಎತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ. ಇಷ್ಟು ವರ್ಷದ ಸಂಸಾರದಲ್ಲಿ ಆ ತಲೆ ಅಡ್ಡಕ್ಕೆ ಆಡಿದ್ದನ್ನು ನಾನು ನೋಡಿರಲಿಲ್ಲ. ಈಗ ಬೇಕೆಂದೇ ತಪ್ಪಾಗಿ, ಸಾರಿಗೆ ಉಪ್ಪಿಲ್ಲ ಅನ್ನುತ್ತಿದ್ದಾರೆ ಅಂದೆ. ಮತ್ತೆ ಅಡ್ಡ ಆಡಿಸಿದರು, ಈ ಸಲ ಎಡಗೈಯಿಂದ ನೆಲ ಕುಟ್ಟಿದರು. ತನಗೆ ಉಪ್ಪು ಹಾಕು ಅನ್ನುತ್ತಿದ್ದಾರೆ ಅಂದೆ. ಇವರಿಗೆ ಸಿಟ್ಟೇ ಬಂತು. ಮುಖ ಕೆಂಪಗೆ ಮಾಡಿಕೊಂಡು, ಹೇಳಿದ್ದನ್ನೇ ಮತ್ತೆ ಮೊದಲಿನಿಂದ, ಒಂದೊಂದೇ ಬಿಡಿಸಿ ಬಿಡಿಸಿ ಹೇಳಿದರು.

ನಿಮಗೆ ಈ ಉಪ್ಪಿನ ವಿಷಯ ಹೇಳಬೇಕು. ಲಕ್ವ ಆದಾಗಿನಿಂದ ಡಾಕ್ಟರು ಇವರಿಗೆ ಉಪ್ಪು ಬೇಡ ಅಂದಿದ್ದರು. ಇವರು ಸಪ್ಪೆ ತಿನ್ನುವಾಗ ಎದುರಿಗೆ ಕೂತು ನಾನೊಬ್ಬಳು ರುಚಿಯಾಗಿ ತಿನ್ನುವುದು ನನ್ನಿಂದ ಆಗಲಿಲ್ಲ. ನನ್ನ ತಟ್ಟೆಗೂ ಉಪ್ಪು ಹಾಕಿಕೊಳ್ಳುವುದು ಬಿಟ್ಟೆ. ಯಾರಿಗೂ ಹೇಳಿರಲಿಲ್ಲ. ಇವರಿಗೆ ಗೊತ್ತಾಗಬಾರದು ಅಂತ ನನ್ನ ಅನ್ನಕ್ಕೆ ಸುಮ್ಮನೆ ಉಪ್ಪು ಉದುರಿಸಿಕೊಳ್ಳುವ ನಾಟಕ ಬೇರೆ ಮಾಡುತ್ತಿದ್ದೆ.

"ಅಕ್ಕ, ಏನಂದ್ರು ಹೇಳಿ," ಅಂದಳು ನಸ್ರೀನ್.

ಈ ಸಲ ನನಗೆ ಕೇಳಿಸಿದ್ದನ್ನೇ ಹೇಳಿದೆ.

"ಇವಳು ಬರಿಗೈ ಉದುರಿಸ್ತಾಳೆ, ನಾನು ದಿನಾ ನೋಡ್ತೀನಿ, ಅಂತಿದ್ದಾರೆ. ನಾನು ಹೇಳಿದ್ರೆ ಕೇಳೋಳಲ್ಲ, ನೀನಾದ್ರೂ ಇವಳ ತಟ್ಟೆಗೆ ಉಪ್ಪು ಹಾಕು, ಅಂತಿದ್ದಾರೆ."

ಇವರು ಉಸ್ಸಪ್ಪಾ ಅಂತ ಗೋಡೆಗೆ ಒರಗಿದರು.

ನಾನು ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಇದು ನಾನು ಕಟ್ಟಿಕೊಂಡ ಮಾತಾಗಿರಲು ಸಾಧ್ಯವೇ? ನನ್ನ ಕಳ್ಳತನವನ್ನು ನಾನೇ ಹಿಡಿದು ಬೈದುಕೊಳ್ಳುತ್ತೇನೆಯೇ? ಎದುರಿಗೆ ಕೂತು ದಿನಾ ನನ್ನ ತಟ್ಟೆ ನೋಡುತ್ತಿದ್ದವರು ಇವರು. ಆಡಿದ್ದೆಲ್ಲ ಇವರೇ ಆಡಿದ್ದು. ನನ್ನ ಮಾತಿಗೆ ಅಲ್ಲ ಅಂದರಲ್ಲ, ನನಗೆ ಅಷ್ಟು ಸಾಕಿತ್ತು.

ನಸ್ರೀನ್ ಸದ್ದಿಲ್ಲದೆ ಎದ್ದು ಒಳಗೆ ಹೋಗಿ ಉಪ್ಪಿನ ಮರಿಗೆ ತಂದಳು. ನನ್ನ ತಟ್ಟೆಯ ತುದಿಗೆ ಒಂದು ಚಿಟಿಕೆ ಇಟ್ಟು ಇವರ ಮುಂದೆ ಮಂಡಿಯೂರಿ ಕೂತಳು. ಇದಕ್ಕೆ ನಿಮ್ಮ ಮಾತಿನಲ್ಲಿ ಏನಂತಾರೆ ಅಂತ ಕೇಳಿದಳು. ಇವರು ಹೇಳಿದರು. ಅವಳು ಹೇಳಿದಳು. ಇವರು ತಲೆ ಅಡ್ಡ ಆಡಿಸಿ ಇನ್ನೊಮ್ಮೆ ಹೇಳಿದರು. ಅವಳು ಇನ್ನೊಮ್ಮೆ ಹೇಳಿದಳು. ಅದೂ ಸರಿಯಿರಲಿಲ್ಲ. ಅವರಿಬ್ಬರೂ ಹಾಗೆ ಪಟ್ಟು ಬಿಡದೆ ಕೂತಿದ್ದರು, ನಾನು ಕಣ್ಣೊರೆಸಿಕೊಂಡು ಉಪ್ಪು ಕಲಸಿ ಉಂಡೆ.